ವ್ಯಾನಿನ ಕೆಳಗೆ ಏಳು ಹನಿ

“ಲೇ, ಬನ್ರಲಾ ಇಲ್ಲಿ. ಸಿಂಧು ಅವರವ್ವನ ವ್ಯಾನು ಇವತ್ತೂ ಉಚ್ಚೆ ಉಯ್ದದೆ.”

ಮಣಿಕಂಠ ಕೂಗಿದ್ದೇ ತಡ, ಪ್ರಾರ್ಥನೆಗೆ ನಿಂತಿದ್ದ ಐದನೇ ಕ್ಲಾಸಿನ ಅರ್ಧ ಸಾಲು ಗೇಟಿನ ಕಡೆಗೆ ಓಡಿತು. ಸಿಂಧು ಓಡಲಿಲ್ಲ. ಅಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ವ್ಯಾನು ಹಿಂದಕ್ಕೆ ಸರಿದ ಕೂಡಲೇ ನೆಲದ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆ ಹೊಳೆಯುತ್ತಿರುತ್ತದೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು.

“ಉಚ್ಚೆ ಅಲ್ಲ ಕಣ್ಲಾ, ಆಯಿಲು,” ಅಂದಳು ಸಿಂಧು ನಿಂತಲ್ಲಿಂದಲೇ.

“ಆಯಿಲ್ ಉಚ್ಚೆ,” ಅಂದ ಮಣಿಕಂಠ. ಎಲ್ಲರೂ ನಕ್ಕರು. ಹಾಗೆ ನೋಡಿದರೆ ಅವನೂ ಅದೇ ವ್ಯಾನಿನಲ್ಲಿ, ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿಕೊಂಡು ಬಂದವನೇ.

ಗದ್ದಲ ಕೇಳಿ ಹೆಡ್‌ಮಾಸ್ಟರು ಶಾಂತಮೂರ್ತಿಯವರು ಬಂದರು. ಅವರು ಬೈಯಲಿಲ್ಲ. ಪಂಚೆ ಎತ್ತಿ ಹಿಡಿದು ಕಲೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಆಮೇಲೆ ಗೇಟಿನಾಚೆ ವ್ಯಾನು ತಿರುಗಿಸುತ್ತಿದ್ದ ಸಿಂಧುವಿನ ಅವ್ವನನ್ನು ಕರೆದರು.

“ಯಶೋದಮ್ಮ, ಸ್ವಲ್ಪ ಇಳೀರಿ. ಇದು ಬ್ರೇಕ್ ಆಯಿಲ್ ಅಲ್ಲ ತಾನೆ?”

“ಅಲ್ಲ ಸಾ. ಕ್ರೌನ್ ಆಯಿಲು. ಎರಡು ಸಲ ಸೀಲ್ ಆಕ್ಸಿವ್ನಿ.”

“ಹಾಕಿಸಿದ ಮೇಲೂ ಸೋರ್ತಿದೆಯಲ್ಲಮ್ಮ. ಇಬ್ಬರು ಪೋಷಕರು ಫೋನ್ ಮಾಡಿದ್ರು. ಕಾಡಂಚಿನ ರಸ್ತೆ, ಹನ್ನೊಂದು ಮಕ್ಕಳು. ನನಗೂ ಭಯ ಆಗುತ್ತೆ.” ಶಾಂತಮೂರ್ತಿಯವರ ದನಿ ಮೆತ್ತಗಾಯಿತು. “ಸೋಮವಾರ ಒಂದು ಹನಿನೂ ಬೀಳಬಾರದು. ಬಿದ್ರೆ ಬೇರೆ ವ್ಯಾನಿಗೆ ಹೇಳಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

“ಆಗ್ಲಿ ಸಾ,” ಅಂದಳು ಅವ್ವ.

ಅಷ್ಟೇ ಅಂದಳು. ಆದರೆ ವ್ಯಾನು ಹತ್ತುವಾಗ ಅವಳು ಬಾಗಿಲನ್ನು ಎರಡು ಸಲ ಎಳೆದುಕೊಳ್ಳಬೇಕಾಯಿತು. ಮೊದಲ ಸಲ ಅದು ಸರಿಯಾಗಿ ಕೂರಲೇ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಸಿಂಧುವಿನ ಊರು. ಅಲ್ಲಿಂದ ಯಳಂದೂರಿನ ಶಾಲೆಗೆ ದಿನವೂ ಮಕ್ಕಳನ್ನು ಕರೆತರುವುದು ಯಶೋದಳ ಕೆಲಸ. ಎರಡು ವರ್ಷದ ಹಿಂದೆ ಅವಳು ಲೈಸೆನ್ಸ್ ತೆಗೆದುಕೊಂಡಾಗ ಟೀ ಅಂಗಡಿಯಲ್ಲಿ ಕೂತವರು, “ಎಂಗಸ್ರು ಗಾಡಿ ಓಡ್ಸುದ್ರೆ ಎಮ್ಮೆ ಎಲ್ಲಾ ಬೇಲಿ ಮೇಲೆ ಅತ್ತಬೇಕಾಯ್ತದೆ,” ಅಂದಿದ್ದರು. ಎಮ್ಮೆಗಳು ಬೇಲಿ ಹತ್ತಲಿಲ್ಲ. ವ್ಯಾನು ಒಂದು ದಿನವೂ ತಡವಾಗಲಿಲ್ಲ. ಸ್ಟೇರಿಂಗ್ ಹಿಡಿದ ಅವ್ವ ಒಲೆ ಮುಂದಿನ ಅವ್ವನಿಗಿಂತ ಬೇರೆಯೇ ಅವ್ವ ಎಂದು ಸಿಂಧುವಿಗೆ ಅನ್ನಿಸುತ್ತಿತ್ತು. ಬೆನ್ನು ನೆಟ್ಟಗೆ, ಕಣ್ಣು ದೂರಕ್ಕೆ. ಆ ಅವ್ವ ಸೋಮವಾರದಿಂದ ಇರುವುದಿಲ್ಲ ಅಂದರೆ?

ಆ ಸಂಜೆ ಮನೆ ಮುಂದೆ ವ್ಯಾನು ನಿಂತ ಕೂಡಲೇ ಸಿಂಧು ಬ್ಯಾಗು ಜಗಲಿಗೆ ಎಸೆದು, ಬಿಸ್ಕತ್ತಿನ ರಟ್ಟಿನ ಡಬ್ಬವೊಂದನ್ನು ಬಿಚ್ಚಿ ಅಗಲ ಮಾಡಿ ವ್ಯಾನಿನ ಹಿಂಭಾಗದ ಕೆಳಗೆ ತಳ್ಳಿದಳು.

“ಯಾನಮ್ಮಿ ಅದು, ವ್ಯಾನಿಗೆ ಚಾಪೆ ಆಸ್ತಿದ್ದೀಯಾ?” ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಗುರುಸಿದ್ದಮ್ಮ ಕೇಳಿದಳು.

“ಎಲ್ಲಿ ಸೋರ್ತದೆ ಅಂತ ನೋಡ್ಬೇಕು ಅಜ್ಜಿ.”

“ನೋಡು ನೋಡು. ಅಂಗೇ ಒಂದು ದಿಂಬೂ ಕೊಟ್ಬುಡು, ಪಾಪ.”

ಸಿಂಧು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ನೋಡಿದಳು. ಹಿಂದಿನ ಎರಡು ಚಕ್ರಗಳ ನಡುವೆ ಒಂದು ಅಡ್ಡ ಕಬ್ಬಿಣ. ಅದರ ನಡುಮಧ್ಯ ಕುಂಬಳಕಾಯಿಯಂತೆ ಉಬ್ಬು. ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟು ಆ ಕುಂಬಳಕಾಯಿಯ ಮೂತಿಗೆ ಸೇರುತ್ತದೆ. ಶಾಫ್ಟಿನ ತಿರುಗಾಟವನ್ನು ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಆ ಉಬ್ಬಿನೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡಿರುತ್ತವೆ. ಪುಸ್ತಕದಲ್ಲಿ ಅದಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಡ್ರೈವರುಗಳ ಬಾಯಲ್ಲಿ ಕ್ರೌನು.

ಟಪ್. ಕುಂಬಳಕಾಯಿಯ ಮೂತಿಯಿಂದ ಒಂದು ಹನಿ ರಟ್ಟಿನ ಮೇಲೆ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಅವ್ವನೂ ಬಂದು ಪಕ್ಕದಲ್ಲಿ ಬಗ್ಗಿದಳು. “ಬೆರಳಲ್ಲಿ ತಿಕ್ಕಿ ನೋಡು. ಬ್ರೇಕ್ ಆಯಿಲಾಗಿದ್ರೆ ತೆಳ್ಳಗೆ ನೀರಂಗೆ ಇರ್ತದೆ. ಇದು?”

“ಅಂಟಂಟು. ಕೊಳ್ತೋದ ಮೊಟ್ಟೆ ವಾಸ್ನೆ.”

“ಊಂ. ಅದು ಕ್ರೌನ್ ಆಯಿಲೇ. ಬ್ರೇಕು ಸಂದಾಗದೆ ಅಂತ ನಂಗೊತ್ತು. ಆದ್ರೆ ಸೋರೋದನ್ನ ನೋಡ್ದೋರಿಗೆ ಎಂಗೆ ಯೋಳನೆ? ಒಳಗಿನ ಎಣ್ಣೆಯೆಲ್ಲಾ ಈಚೆಗೆ ಬಂದ್ರೆ ಹಲ್ಲು ಸವೆದು ಚಕ್ರ ಇಡ್ಕತದೆ. ಮೇಷ್ಟ್ರು ಎದ್ರಿದ್ರಲ್ಲಿ ತಪ್ಪಿಲ್ಲ.”

ದೀಪ ಹಚ್ಚುವ ಹೊತ್ತಿಗೆ ರಟ್ಟಿನ ಮೇಲೆ ಏಳು ಹನಿ. ಸಿಂಧು ಅದನ್ನು ಎಳೆದು ತೆಗೆದು, ಬೇರೆ ಒಣ ರಟ್ಟು ಇಟ್ಟಳು. ಬೆಳಿಗ್ಗೆ ಎದ್ದು ಹಲ್ಲು ಕೂಡ ಉಜ್ಜದೆ ಓಡಿಹೋಗಿ ನೋಡಿದಳು.

ಎರಡನೆಯ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಇದು ಅವಳಿಗೆ ಒಗಟಾಯಿತು. ತೂತಾದ ಕೊಡ ನಿಂತಿದ್ದರೂ ಸೋರುತ್ತದೆ, ನಡೆದರೂ ಸೋರುತ್ತದೆ. ಈ ಕ್ರೌನು ಓಡಿಬಂದಾಗ ಮಾತ್ರ ಸೋರಿ, ರಾತ್ರಿಯಿಡೀ ಸುಮ್ಮನಿತ್ತಲ್ಲ. ರಫ್ ನೋಟಿನ ಕೊನೆಯ ಹಾಳೆಯಲ್ಲಿ ಬರೆದಳು: ಬಂದ ಕೂಡಲೇ 7. ರಾತ್ರಿ 0.

ಅಂದು ಶನಿವಾರ, ಹೇಗೂ ರಜೆ ಇತ್ತು. ಅಪ್ಪ ಕುಂತೂರಿನ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ. ತಾಯಿ ಮಗಳು ಇಬ್ಬರೇ ವ್ಯಾನು ತೆಗೆದುಕೊಂಡು ಕೊಳ್ಳೇಗಾಲದ ಗ್ಯಾರೇಜಿಗೆ ಹೊರಟರು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರುಗಳು, ಬಸುರಿ ಹೆಂಗಸರಂತೆ ಮೆಲ್ಲಗೆ ತೂಗಾಡುತ್ತ ಹೋಗುತ್ತಿದ್ದವು. ಅವುಗಳ ಹಿಂದೆ ಹಿಂದೆಯೇ ಹೋಗಿ ಗ್ಯಾರೇಜು ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು.

ಪುಟ್ಟಮಾದಯ್ಯನ ಗ್ಯಾರೇಜು ಅಂದರೆ ಒಂದು ಹೊಂಗೆ ಮರ, ಒಂದು ತಗಡಿನ ಸೂರು, ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಒಂದು ಉದ್ದನೆಯ ಗುಂಡಿ. ಅವನು ಹನೂರಿನ ಕಡೆಯವನು. ನಲವತ್ತು ವರ್ಷ ಇದೇ ಕೆಲಸ ಮಾಡಿ ಅವನ ಅಂಗೈ ರೇಖೆಗಳೆಲ್ಲ ಕಪ್ಪಾಗಿದ್ದವು. ಕಬ್ಬಿನ ಸೀಜನ್ನಾದ್ದರಿಂದ ಗ್ಯಾರೇಜಿನ ಮುಂದೆ ಮೂರು ಟ್ರಾಕ್ಟರು ಸಾಲಾಗಿ ನಿಂತಿದ್ದವು.

“ಮತ್ತೆ ಬಂದ್ಯೇನವ್ವ ಯಶೋದಾ? ಸೀಲು ಮತ್ತೆ ಓಯ್ತಾ?”

“ಊಂ ಮಾದಯ್ಯಣ್ಣ. ಸೋಮಾರದೊಳಗೆ ಸರಿ ಓಗ್ನಿಲ್ಲ ಅಂದ್ರೆ ಇಸ್ಕೂಲಲ್ಲಿ ಬ್ಯಾರೆ ಗಾಡಿ ಮಾಡ್ಕತಾರಂತೆ.”

ಪುಟ್ಟಮಾದಯ್ಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. “ಅಂಗಾರೆ ಇವತ್ತು ಕ್ರೌನ್ನೇ ಈಚೆಗೆ ಇಳಿಸ್ಬುಡವ. ಒಳ್ಗೆ ಯಾನಾಗದೆ ಅಂತ ಕಣ್ಣಲ್ಲೇ ನೋಡ್ಬುಡವ.”

ವ್ಯಾನನ್ನು ಗುಂಡಿಯ ಮೇಲೆ ನಿಲ್ಲಿಸಿ, ಜಾಕಿ ಎತ್ತಿ, ನಾಲ್ಕು ಕಡೆ ಕಬ್ಬಿಣದ ಸ್ಟ್ಯಾಂಡು ಕೊಟ್ಟ. ಎರಡೂ ಕೈಯಿಂದ ವ್ಯಾನನ್ನು ಅಲುಗಿಸಿ ನೋಡಿದ. ಅದು ಮಿಸುಕಲಿಲ್ಲ. ಆಮೇಲೆಯೇ ಸಿಂಧುವಿಗೆ ಗುಂಡಿಗೆ ಇಳಿಯಲು ಬಿಟ್ಟ.

“ಕೆಳಗಿನ ನಟ್ಟು ಬಿಚ್ಚೋಕೆ ಮುಂಚೆ ಮೇಲಿನ ನಟ್ಟು ಬಿಚ್ಚಬೇಕು, ಯಾಕೆ ಗೊತ್ತಾ ಕೂಸೇ?” ಅಂದ ಸ್ಪಾನರು ಹಾಕುತ್ತ. “ಇರೋ ಎಣ್ಣೆಯೆಲ್ಲಾ ಚೆಲ್ಬುಟ್ಟು, ಆಮೇಲೆ ಮೇಲಿನ ನಟ್ಟು ಬರ್ನಿಲ್ಲ ಅಂದ್ರೆ ಒಸ ಎಣ್ಣೆ ಉಯ್ಯೋದು ಎತ್ಲಾಗಿಂದ?”

ನಟ್ಟು ಸ್ವಲ್ಪ ಸಡಿಲವಾಗುವಷ್ಟರಲ್ಲಿ ಟ್ರಾಕ್ಟರಿನವನೊಬ್ಬ ಎಂಜಿನ್ನು ಚಾಲೂ ಮಾಡಿ ಗರ್ ಗರ್ ಅನ್ನಿಸುತ್ತ ಕರೆದ. “ಮಾದಯ್ಯಣ್ಣೋ, ಕ್ಲಚ್ಚು ನೋಡು ಬಾ. ಕಾರ್ಖಾನೇಲಿ ನನ್ ಪಾಳಿ ಓಯ್ತದೆ.”

“ಇದನ್ನ ಬೆರಳಲ್ಲೇ ತಿರುಗ್ಸಿ ಬಿಚ್ಚುತಿರು ಕೂಸೇ, ಬಂದೆ,” ಅಂದು ಪುಟ್ಟಮಾದಯ್ಯ ಮೇಲೆ ಹೋದ.

ಸಿಂಧು ತಿರುಗಿಸಿದಳು. ಎರಡು ಸುತ್ತು, ಮೂರು ಸುತ್ತು. ನಾಲ್ಕನೇ ಸುತ್ತಿಗೆ ಸೋಡಾ ಬಾಟಲಿ ಒಡೆದಂತೆ ‘ಉಸ್ಸ್’ ಅಂತು. ಬೆಚ್ಚನೆಯ ಗಾಳಿಯೊಂದು ಕೊಳೆತ ಮೊಟ್ಟೆಯ ವಾಸನೆ ಹೊತ್ತು ಅವಳ ಕೆನ್ನೆಗೆ ಬಡಿಯಿತು. ಟ್ರಾಕ್ಟರಿನ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ.

ಅವಳು ಕೆನ್ನೆ ಒರೆಸಿಕೊಂಡು ಸುಮ್ಮನಾದಳು. ಗ್ಯಾರೇಜಿನಲ್ಲಿ ಹೀಗೆಲ್ಲ ಆಗುತ್ತಿರಬಹುದು ಅಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಕ್ರೌನು ಈಚೆಗೆ ಬಂತು. ಮೊದಲು ಬೋಸಿಗೆ ಎಣ್ಣೆ ಇಳಿಸಿದರು. ಆಮೇಲೆ ಎರಡೂ ಚಕ್ರ ಕಳಚಿ, ಒಳಗಿನ ಸರಳುಗಳನ್ನು ಎಳೆದು, ಉದ್ದನೆಯ ಶಾಫ್ಟನ್ನು ಬಿಡಿಸಿದರು. ಕೊನೆಗೆ ಕುಂಬಳಕಾಯಿಯ ಮೂತಿ ಹಲ್ಲುಚಕ್ರಗಳ ಸಮೇತ ಈಚೆಗೆ ಬಂತು. ಪುಟ್ಟಮಾದಯ್ಯ ಹೆಣಭಾರದ ಆ ತುಂಡನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡು ತಂದು ಗೋಣಿಚೀಲದ ಮೇಲೆ ಮಡಗಿದ.

ಡೀಸೆಲ್ಲಿನಲ್ಲಿ ತೊಳೆದು ನೋಡಿದ. ಹಲ್ಲುಗಳು ಬೆಳ್ಳಗೆ ಹೊಳೆದವು. ಒಂದೂ ಮುರಿದಿರಲಿಲ್ಲ, ಸವೆದಿರಲಿಲ್ಲ. ಬೋಸಿಯ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದ. ಕಬ್ಬಿಣದ ಚೂರು ಸಿಗಲಿಲ್ಲ. ಶಾಫ್ಟು ಸೇರುವ ಕಡೆಯ ಸೀಲು, ಎಣ್ಣೆ ಈಚೆಗೆ ಬರದಂತೆ ತಡೆಯುವ ಆ ರಬ್ಬರಿನ ಬಳೆ, ಹೊಸದರಂತೆಯೇ ಇತ್ತು.

“ಎಲ್ಲಾ ಸಂದಾಗದಲ್ಲ,” ಅಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ. “ಎಲ್ಲಾ ಸಂದಾಗಿದ್ದು ಸೋರ್ತದೆ ಅಂದ್ರೆ ಯಾನ ಮಾಡದು? ಇನ್ನೊಂದು ಸೀಲ್ ಆಕಿ, ಗಮ್ ಬಳ್ದು ಕಳಿಸ್ತೀನಿ ಕಣವ್ವ. ಮಾದಪ್ಪ ನಡೆಸ್ದಂಗೆ ಆಗ್ಲಿ.”

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಸಿಂಧುವಿಗೆ ತಡೆಯಲಾಗಲಿಲ್ಲ.

“ತಾತ, ಇದು ನಿಂತಿದ್ದಾಗ ಸೋರಾಕಿಲ್ಲ. ಓಡ್ ಬಂದ್ಮೇಲೆ ಮಾತ್ರ ಸೋರ್ತದೆ.” ರಫ್ ನೋಟು ಬಿಡಿಸಿ ತೋರಿಸಿದಳು. “ಆಮೇಲೆ, ಆ ಮೇಲಿನ ನಟ್ಟು ಬಿಚ್ಚುವಾಗ ಉಸ್ಸ್ ಅಂತು.”

ಪುಟ್ಟಮಾದಯ್ಯನ ಕೈಯಲ್ಲಿದ್ದ ವೇಸ್ಟು ಬಟ್ಟೆ ಅಲ್ಲೇ ನಿಂತಿತು. “ಯಾನಂತು?”

“ಉಸ್ಸ್. ಬಿಸಿ ಗಾಳಿ ಬಂತು. ಕೆನ್ನೆಗೆ ಒಡೀತು.”

“ಆಗ್ಲೇ ಯಾಕಮ್ಮಿ ಯೋಳ್ನಿಲ್ಲ?”

“ಯಾವಾಗ್ಲೂ ಅಂಗೇ ಆಯ್ತದೇನೋ ಅಂತ.”

ಪುಟ್ಟಮಾದಯ್ಯ ಗೋಣಿಚೀಲದ ಮೇಲೆ ಕುಳಿತೇಬಿಟ್ಟ. “ಅಯ್ಯೋ ಶಿವನೇ. ಮೂಗು ಮುಚ್ಚೋಗದೆ. ಎರಡು ಸಲ ಸೀಲ್ ಆಕ್ದೆ, ಒಂದು ಸಲನಾದ್ರೂ ಮೂಗು ನೋಡ್ನಿಲ್ವಲ್ಲ ನಾನು. ಈ ಕಬ್ಬಿನ ಟ್ರಾಕ್ಟರು ನನ್ ಬುದ್ಧೀನೇ ಅರೆದ್ಬುಟ್ಟೋ.”

“ಕ್ರೌನಿಗೆ ಮೂಗಾ?”

“ಬ್ರೀದರ್ ಅಂತಾರೆ. ಗಾಡಿ ಓಡ್ತಾ ಓಡ್ತಾ ಒಳಗಿನ ಎಣ್ಣೆ ಬಿಸಿಯಾಗಿ ಗಾಳಿ ಉಬ್ಬತದೆ. ಆ ಗಾಳಿ ಈಚೆಗೆ ಓಗಕ್ಕೆ ಮೇಲ್ಗಡೆ ಒಂದು ಸಣ್ಣ ತೂತು, ತೂತಿನ ಮೇಲೆ ಒಂದು ಟೊಪ್ಪಿ ಇರ್ತದೆ. ಅದು ಮುಚ್ಚೋದ್ರೆ ಗಾಳಿ ಎತ್ಲಾಗೆ ಓಗ್ಬೇಕು? ಸೀಲ್ನೇ ತಳ್ಕಂಡು, ಎಣ್ಣೇನೂ ಎಳ್ಕಂಡು ಈಚೆಗೆ ಬತ್ತದೆ. ತಣ್ಣಗಾದ್ಮೇಲೆ ಸುಮ್ಕಾಯ್ತದೆ. ನಿನ್ ಲೆಕ್ಕ ಸರಿಯಾಗದೆ ಕೂಸೇ.”

ಅವನು ಗುಂಡಿಗೆ ಇಳಿದು, ಅಡ್ಡ ಕಬ್ಬಿಣದ ಮೇಲ್ಭಾಗವನ್ನು ಕೈಯಿಂದ ತಡಕಿದ. ಟಾರ್ಚು ಬಿಟ್ಟ. ಎಲ್ಲ ಕಡೆಯೂ ಒಂದೇ ಸಮ ಕಪ್ಪು. ಅವನ ದಪ್ಪ ಕೈ ಆ ಇಕ್ಕಟ್ಟಿನಲ್ಲಿ ಮುಂಗೈ ದಾಟಿ ಮುಂದೆ ಹೋಗಲಿಲ್ಲ.

“ಯಾರವ್ವ ಇಷ್ಟು ದಪ್ಪಕ್ಕೆ ಪೇಂಟ್ ಬಳ್ದೋರು? ಎಲ್ಲಿ ಯಾನದೆ ಅಂತ್ಲೇ ಕಾಣಾಕಿಲ್ಲ.”

“ಮೂರು ವಾರದ ಹಿಂದೆ ಎಫ್.ಸಿ. ಇತ್ತಲ್ಲಣ್ಣ, ಅದ್ಕೆ ನಾವೇ ಬಳ್ದೊ,” ಅಂದಳು ಅವ್ವ.

ಗುಂಡಿಗೆ ಇಣುಕುತ್ತಿದ್ದ ಸಿಂಧು ಒಂದು ಹೆಜ್ಜೆ ಹಿಂದೆ ಸರಿದಳು.

ಗಾಡಿ ಓಡಲು ಯೋಗ್ಯವಾಗಿದೆ ಎಂದು ಇನ್ಸ್‌ಪೆಕ್ಟರು ಬರೆದುಕೊಡುವ ಸರ್ಟಿಫಿಕೇಟೇ ಎಫ್.ಸಿ. ಅದಕ್ಕೆ ಮುಂಚೆ ಗಾಡಿಯ ಅಡಿಗೆಲ್ಲ ಕಪ್ಪು ಪೇಂಟು ಬಳಿದು ಹೊಸದರಂತೆ ಮಾಡುವುದು ಆ ಸೀಮೆಯ ಎಲ್ಲ ಗಾಡಿಯವರ ರೂಢಿ. ಅವ್ವ ಚಕ್ರದ ಪಕ್ಕ ಬಳಿಯುತ್ತಿದ್ದಳು. ಕೈ ಹೋಗದ ಸಂದಿಗೆಲ್ಲ ನುಗ್ಗಿ ಬಳಿದವಳು ಸಿಂಧು. ಕ್ರೌನು ಕೂರುವ ಅಡ್ಡ ಕಬ್ಬಿಣದ ಮೇಲೆ ಅಣಬೆಯಂಥ ಒಂದು ಪುಟ್ಟ ಟೊಪ್ಪಿ ಇತ್ತು. ತುಕ್ಕು ಹಿಡಿದು ಕೆಂಪಾಗಿತ್ತು, ಮುಟ್ಟಿದರೆ ಲೊಟಲೊಟ ಅಲ್ಲಾಡುತ್ತಿತ್ತು. ಪಾಪ, ಇದೊಂದು ಹಳೆಯದಾಗಿ ಕಾಣಬಾರದು ಎಂದು ಅವಳು ಅದಕ್ಕೆ ಬಳಿದಳು. ಅಲ್ಲಾಡುವುದು ನಿಲ್ಲಲಿ ಎಂದು ಸುತ್ತಲೂ ತುಂಬಿಸಿ ಇನ್ನೊಂದು ಸಲ ಬಳಿದಳು. ಒಣಗಿದ ಮೇಲೆ ಮೂರನೆಯ ಸಲವೂ ಬಳಿದಳು. ಅಲ್ಲಾಟ ನಿಂತಾಗ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಬ್ರಷ್ಷಿನ ಹಿಡಿಯಿಂದ ಅದರ ತಲೆಗೆ ಶಹಬ್ಬಾಸ್ ಎಂದು ತಟ್ಟಿದ್ದಳು.

ಆ ಟೊಪ್ಪಿಯ ವಿಷಯ ಅವ್ವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

“ಈ ಗಾಡೀಲಿ ಅದನ್ನ ಎಲ್ಲಿ ಮಡಗವ್ರೋ ಕಾಣೆ,” ಅನ್ನುತ್ತಿದ್ದ ಪುಟ್ಟಮಾದಯ್ಯ. “ಪೂರಾ ಅಚ್ಚೇ ಇಳಿಸಿ ಪೇಂಟೆಲ್ಲಾ ಕೆರೀಬೇಕು. ಅದು ಇವತ್ತಿಗೆ ಮುಗ್ಯೋ ಕೆಲ್ಸ ಅಲ್ಲ. ಸೋಮಾರಕ್ಕೆ ಆಗಾಕಿಲ್ಲ ಕಣವ್ವ.”

ಸಿಂಧು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಮಂಗಳವಾರವೋ ಬುಧವಾರವೋ ತಾತ ಹುಡುಕಿಯೇ ಹುಡುಕುತ್ತಾನೆ. ಯಾರೋ ಬಳಿದರು ಅಂತ ಆಗುತ್ತದೆ. ಆದರೆ ಸೋಮವಾರ ಕಳೆದುಹೋಗಿರುತ್ತದೆ.

ಅವ್ವ ಮರಕ್ಕೆ ಒರಗಿ ನಿಂತು ಫೋನು ತೆಗೆದಳು. “ಮೇಷ್ಟ್ರಿಗೆ ಯೋಳ್ಬುಡ್ತೀನಿ, ಆಗ್ನಿಲ್ಲ ಅಂತ.”

“ಅವ್ವ, ಮಾಡ್ಬ್ಯಾಡ,” ಅಂದಳು ಸಿಂಧು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. “ಅದು ಎಲ್ಲದೆ ಅಂತ ನಂಗೊತ್ತು. ನಾನೇ ಮುಚ್ಚಿದ್ದು. ಅಲ್ಲಾಡ್ತಿತ್ತು ಅಂತ ಮೂರು ಸಲ ಪೇಂಟ್ ಬಳ್ದೆ.”

ಅವ್ವ ಫೋನು ಹಿಡಿದ ಕೈಯನ್ನು ಕೆಳಗಿಳಿಸಿದಳು. ಬೈಯುತ್ತಾಳೆ ಎಂದು ಸಿಂಧು ನೆಲ ನೋಡುತ್ತ ನಿಂತಳು. ಹೊಂಗೆಯ ಒಣಗಿದ ಎಲೆಯೊಂದರ ಮೇಲೆ ಇರುವೆ ಹತ್ತುತ್ತಿತ್ತು. ಅದು ತುದಿ ಮುಟ್ಟಿ ವಾಪಸು ಇಳಿಯಿತು.

“ತಾತನ ಕೈ ಅಲ್ಲಿಗೆ ಓಗಾಕಿಲ್ಲ,” ಅಂದಳು ಅವ್ವ ಕೊನೆಗೆ. “ನಿನ್ ಕೈ ಓಯ್ತದಾ?”

“ಓಯ್ತದೆ.”

“ಮತ್ತೆ ನಿಂತ್ಕಂಡು ಯಾನ ನೋಡೀಯೆ? ಇಳಿ.”

ಸಿಂಧು ಗುಂಡಿಗೆ ಇಳಿದಳು. ಪುಟ್ಟಮಾದಯ್ಯ ಟಾರ್ಚು ಹಿಡಿದ. ಅಡ್ಡ ಕಬ್ಬಿಣಕ್ಕೂ ವ್ಯಾನಿನ ತಳಕ್ಕೂ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ತಡಕಿದಳು. ಬಲಗಡೆ ಒಂದು ಗೇಣು. ಅಲ್ಲೊಂದು ಪೈಪಿದೆ, ಅದನ್ನು ದಾಟಬೇಕು. ಬ್ರಷ್ಷು ಹಿಡಿದಾಗ ಕೈ ಹೇಗೆ ಬಾಗಿತ್ತೋ ಹಾಗೆಯೇ ಬಾಗಿಸಿದಳು. ಬೆರಳಿಗೆ ನುಣ್ಣಗೆ, ದುಂಡಗೆ ಏನೋ ತಾಗಿತು.

“ಸಿಕ್ತು ತಾತ.”

ಪುಟ್ಟಮಾದಯ್ಯ ಪೆನ್ಸಿಲ್ ಕೊರೆಯುವ ಚಾಕುವಿನಷ್ಟು ಸಣ್ಣ ಕೆರೆಯುವ ತಗಡು ಕೊಟ್ಟ. ಸುತ್ತಲೂ ಕೆರೆದಳು. ಪೇಂಟು ಒಣಗಿದ ಅಂಟಿನಂತೆ ಚೂರು ಚೂರಾಗಿ ಎದ್ದು ಬಂದು ಮುಖದ ಮೇಲೆ, ತಲೆಗೂದಲ ಮೇಲೆ ಉದುರಿತು. ಆಮೇಲೆ ಸಣ್ಣ ಸ್ಪಾನರು ಕೊಟ್ಟ. ಒಂದು ಸಲ ಜಾರಿತು. ಎರಡನೇ ಸಲ ಜಾರಿ ಬೆರಳಗಂಟು ತರಚಿತು. ಮೂರನೇ ಸಲ ಕಿರ್ ಎಂದು ತಿರುಗಿತು.

ಅಂಗೈ ಮೇಲೆ ಇಟ್ಟುಕೊಂಡು ಮೇಲೆ ಬಂದಳು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಪುಟ್ಟಮಾದಯ್ಯ ಅದರ ತಳಕ್ಕೆ ಬಾಯಿಟ್ಟು ಊದಿದ. ಕೆನ್ನೆ ಬಲೂನಿನಂತೆ ಉಬ್ಬಿದವು, ಗಾಳಿ ಹೋಗಲಿಲ್ಲ. ಡೀಸೆಲ್ಲಿನಲ್ಲಿ ನೆನೆಹಾಕಿ, ತಂತಿಯಿಂದ ಚುಚ್ಚಿ, ತೊಳೆದು ಒರೆಸಿ, ಸಿಂಧುವಿನ ಕೈಗೆ ಕೊಟ್ಟ.

“ನೀನೇ ಊದು.”

ಊದಿದಳು. ಟೊಪ್ಪಿ ಲೊಟಲೊಟ ಅಲ್ಲಾಡಿತು. ಗಾಳಿ ಸುಯ್ಯೆಂದು ಆಚೆ ಹೋಯಿತು.

“ಅದು ಅಲ್ಲಾಡ್ತಾನೇ ಇರ್ಬೇಕು ಕೂಸೇ. ಅಲ್ಲಾಡೋದೇ ಅದರ ಕೆಲ್ಸ,” ಅಂದ ಪುಟ್ಟಮಾದಯ್ಯ. ಅವನ ಎಲೆಯಡಿಕೆಯ ಹಲ್ಲುಗಳೆಲ್ಲ ಕಾಣುತ್ತಿದ್ದವು. “ನಲವತ್ತು ವರ್ಷದಲ್ಲಿ ಮೂಗಿಗೆ ಪೌಡರ್ ಆಕಿ ಸಾಯಿಸಿದೋರ್ನ ಇವತ್ತೇ ನಾನು ಕಂಡಿದ್ದು.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ನಗುತ್ತಿದ್ದಾಳೆ ಎಂದು ಸಿಂಧುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲಿನ ಕೆಲಸ ಅವಸರವಿಲ್ಲದೆ ನಡೆಯಿತು. ಪುಟ್ಟಮಾದಯ್ಯ ಟ್ರಾಕ್ಟರಿನವರಿಗೆ, “ಈ ಕೆಲ್ಸ ಮುಗಿಯೋಗಂಟ ನನ್ನ ಕರೀಬ್ಯಾಡಿ, ಕರೆದ್ರೆ ಬರಾಕಿಲ್ಲ,” ಅಂದುಬಿಟ್ಟ. ಹೊಸ ಸೀಲು ಕೂರಿಸಿ, ಪ್ಯಾಕಿಂಗು ಇಟ್ಟು, ಕ್ರೌನನ್ನು ಅದರ ಜಾಗಕ್ಕೆ ಸೇರಿಸಿದ. ಬೋಲ್ಟುಗಳನ್ನು ಒಂದಾದ ಮೇಲೊಂದು ಎದುರು ಬದುರಾಗಿ ಬಿಗಿದ. ಟೊಪ್ಪಿಯನ್ನು ಸಿಂಧುವೇ ಹಾಕಿದಳು. ಕೊನೆಗೆ ಹೊಸ ಎಣ್ಣೆ, ಮೇಲಿನ ತೂತಿನ ಅಂಚಿಗೆ ಬಂದು ತುಳುಕುವಷ್ಟು.

“ಈಗ ಪರೀಕ್ಷೆ. ವಸಿ ಪೌಡರ್ ಬಳ್ದು ಓಡ್ಸುದ್ರೆ, ಎಲ್ಲಾದ್ರೂ ಎಣ್ಣೆ ಜಿನುಗಿದ್ರೆ ಗೆರೆ ಬೀಳ್ತದೆ. ಪೌಡರ್ ಅದ್ಯಾ?”

ಅವ್ವನ ಹತ್ತಿರ ಇರಲಿಲ್ಲ. ಪುಟ್ಟಮಾದಯ್ಯ ದೇವರ ಪಟದ ಹಿಂದಿನಿಂದ ಒಂದು ಪೊಟ್ಟಣ ತಂದ. ಮಾದಪ್ಪನ ಬೆಟ್ಟದಿಂದ ತಂದಿದ್ದ ಧೂಳ್ತ, ದೇವರ ಬೂದಿ. “ಮಾದಪ್ಪ ಬ್ಯಾಡ ಅನ್ನಾಕಿಲ್ಲ. ಅವನ ಒಕ್ಕಲು ಮಕ್ಕಳೇ ಅಲ್ವಾ ಓಗಿಬರೋದು,” ಅಂದು ಕಣ್ಣಿಗೊತ್ತಿಕೊಂಡು, ಕ್ರೌನಿನ ಮೂತಿಗೆ, ಸುತ್ತಲಿನ ಬೋಲ್ಟುಗಳಿಗೆ ತೆಳ್ಳಗೆ ಬಳಿದ.

ಮೂವರೂ ಹನೂರಿನ ದಾರಿ ಹಿಡಿದರು. ಅವ್ವ ಓಡಿಸಿದಳು. ಪುಟ್ಟಮಾದಯ್ಯ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ, ಕಿವಿ ಮಾತ್ರ ತೆರೆದು ಕುಳಿತಿದ್ದ. ಹಿಂದೆ ಸಿಂಧು, ತನ್ನ ಪಾದಗಳ ಕೆಳಗೆ ಎಲ್ಲೋ ಒಂದು ಪುಟ್ಟ ಟೊಪ್ಪಿ ಲೊಟಲೊಟ ಅನ್ನುತ್ತಿದೆ ಎಂದುಕೊಳ್ಳುತ್ತ ಕುಳಿತಳು. ಏರು ಬಂದಾಗಲೆಲ್ಲ ಉಸಿರು ಬಿಗಿ ಹಿಡಿದಳು, ಇಳಿಜಾರಿನಲ್ಲಿ ಬಿಟ್ಟಳು.

ಹನೂರಿನಲ್ಲಿ, ಜೋಳದ ಮೂಟೆಗಳ ಪಕ್ಕ ಗಾಡಿ ನಿಂತಿತು. ಮೂವರೂ ಒಟ್ಟಿಗೆ ಇಳಿದು ಒಟ್ಟಿಗೆ ಬಗ್ಗಿದರು. ಮೂಟೆ ಹೊರುತ್ತಿದ್ದವರು ಏನು ಬಿದ್ದುಹೋಯಿತೋ ಎಂದು ನಿಂತು ನೋಡಿದರು.

ಟಾರ್ಚಿನ ಬೆಳಕಿನಲ್ಲಿ ಬೂದಿ ಬೆಳ್ಳಗೇ ಇತ್ತು. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ.

“ಮಿಂದು ಮಡಿಯಾಗಿ ವಿಭೂತಿ ಇಟ್ಕಂಡ ಸ್ವಾಮ್ಗಳಂಗೆ ಅದೆ,” ಅಂದ ಪುಟ್ಟಮಾದಯ್ಯ.

ಅರ್ಧ ಗಂಟೆ ಕಾದರು. ಮತ್ತೆ ನೋಡಿದರು. ಅಷ್ಟೇ ಬೆಳ್ಳಗೆ. ಅವ್ವ ರಸ್ತೆಯಲ್ಲೇ ಸಿಂಧುವನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ತಲೆಗೂದಲಿಗೆ ಅಂಟಿದ್ದ ಪೇಂಟಿನ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅಷ್ಟೂ ಬಿಡಿಸುವವರೆಗೆ ಬಿಡಲಿಲ್ಲ.

ಸೋಮವಾರ ಶಾಲೆಯ ಅಂಗಳದಲ್ಲಿ ವ್ಯಾನು ನಿಂತ ಕೂಡಲೇ ಸಿಂಧು ಮೊದಲು ಇಳಿದು, ಬಿಳಿಯ ಡ್ರಾಯಿಂಗ್ ಶೀಟೊಂದನ್ನು ಕ್ರೌನಿನ ಕೆಳಗೆ ಹಾಸಿ, ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಟ್ಟಳು.

“ಇವತ್ತು ಡೈಪರ್ ಆಕ್ತಾವ್ಳೆ,” ಅಂದ ಮಣಿಕಂಠ. ಒಂದಿಬ್ಬರು ನಕ್ಕರು. ಸಿಂಧು ಸಾಲಿಗೆ ಹೋಗಿ ನಿಂತಳು.

ನಾಡಗೀತೆ ಮುಗಿಯಿತು. ಪೇಪರ್ ಓದುವುದು ಮುಗಿಯಿತು. ಪ್ರಾರ್ಥನೆ ಮುಗಿದದ್ದೇ ಶಾಂತಮೂರ್ತಿಯವರು ಪಂಚೆ ಎತ್ತಿ ಹಿಡಿದು ವ್ಯಾನಿನ ಬಳಿ ಕುಳಿತರು. ಅವರ ಹಿಂದೆ ಅರ್ಧ ಶಾಲೆಯೇ ಬಗ್ಗಿತು. ಮಣಿಕಂಠ ನೆಲಕ್ಕೆ ಮಲಗಿ ಒಳಗೇ ತಲೆ ತೂರಿಸಿದ.

“ಯಾನೂ ಇಲ್ಲ ಸಾ,” ಒಳಗಿನಿಂದ ಅವನ ದನಿ ಬಂತು. ಸ್ವಲ್ಪ ನಿರಾಸೆಯೂ ಇತ್ತು ಅದರಲ್ಲಿ. “ಪೂರಾ ಬೆಳ್ಳಗದೆ.”

ಶಾಂತಮೂರ್ತಿಯವರು ಎದ್ದು ನಿಂತು ಮಂಡಿ ಕೊಡವಿಕೊಂಡರು. “ಗೆದ್ದುಬಿಟ್ರಲ್ಲ ಯಶೋದಮ್ಮ. ನಾಳೆಯಿಂದ ಯಾರು ಫೋನ್ ಮಾಡಿದ್ರೂ ನಾನು ಉತ್ತರ ಹೇಳ್ತೀನಿ. ಏನಾಗಿತ್ತು?”

“ಕ್ರೌನಿಂದು ಬ್ರೀದರ್ ಮುಚ್ಚೋಗಿತ್ತು ಸಾ,” ಅಂದಳು ಅವ್ವ. ಅಲ್ಲಿಗೆ ನಿಲ್ಲಿಸಿದಳು. ಹೇಗೆ ಮುಚ್ಚಿತು ಎಂದು ಹೇಳಲಿಲ್ಲ. ಸಿಂಧುವಿನ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ಕೀಲಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಳು.

ಆ ಮಾತು ಅಲ್ಲಿಗೇ ಮುಗಿಯಬಹುದಿತ್ತು.

“ನಾನೇ ಮುಚ್ಚಿದ್ದು ಸಾ,” ಅಂದಳು ಸಿಂಧು. “ಎಫ್.ಸಿ.ಗೆ ಅಂತ ಪೇಂಟ್ ಬಳಿಯುವಾಗ. ಆಮೇಲೆ ನಾನೇ ಬಿಚ್ಚಿ ಕ್ಲೀನ್ ಮಾಡ್ದೆ.”

“ಅಂಗಾರೆ ಇಷ್ಟು ದಿನ ಸೋರಿದ್ದು ನಿನ್ನಿಂದ್ಲಾ?” ಮಣಿಕಂಠ ವ್ಯಾನಿನಡಿಯಿಂದ ತಲೆ ಈಚೆಗೆ ತೆಗೆದ. ಅವನ ಹಣೆಗೆ ಮಣ್ಣು ಮೆತ್ತಿತ್ತು.

“ಊಂ ಕಣ್ಲಾ. ನನ್ನಿಂದ್ಲೇ.”

ಮಣಿಕಂಠ ಅವಳಿಗೆ ಸಿಟ್ಟು ಬಂದೀತು ಎಂದು ಕಾದ. ಬರಲಿಲ್ಲ. ಹಣೆಯ ಮಣ್ಣು ಒರೆಸಿಕೊಂಡು ಎದ್ದು ನಿಂತ.

ಸಿಂಧುವಿಗೆ ತನ್ನ ಮೇಲೆ ತನಗೇ ಸ್ವಲ್ಪ ಆಶ್ಚರ್ಯವಾಯಿತು. ಶನಿವಾರ ಇದೇ ಮಾತು ಒಂದೊಂದೇ ಶಬ್ದವಾಗಿ ಕಷ್ಟಪಟ್ಟು ಬಂದಿತ್ತು. ಇವತ್ತು, ಹೆಸರೇನು ಎಂದು ಕೇಳಿದಾಗ ಹೆಸರು ಹೇಳಿದಷ್ಟು ಸಲೀಸಾಗಿ ಬಂತು.

“ಆ ಮೂಗು ಎಂಗದೆ, ನಂಗೂ ತೋರ್ಸಮ್ಮಿ,” ಅಂದ ಮಣಿಕಂಠ, ಅವಳಿಗೆ ಮಾತ್ರ ಕೇಳುವಂತೆ.

“ಈಗ ಬ್ಯಾಡ. ಓಡ್ ಬಂದದೆ, ಬಿಸಿ ಇರ್ತದೆ. ಸಾಯಂಕಾಲ ತೋರಿಸ್ತೀನಿ.”

ಗಂಟೆ ಹೊಡೆಯಿತು. ಅವ್ವ ವ್ಯಾನು ಹತ್ತಿದಳು. ಬಾಗಿಲು ಒಂದೇ ಏಟಿಗೆ ಕೂತಿತು. ಈ ಮೂರು ವಾರ ಅವಳು ಹಿಂದಕ್ಕೆ ಸರಿಸುವಾಗಲೆಲ್ಲ, ಗಾಡಿ ಬಿಟ್ಟ ಜಾಗವನ್ನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಗ್ಗಿ ನೋಡುತ್ತಿದ್ದಳು. ಇವತ್ತು ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಗೇಟು ದಾಟಿ, ಯಳಂದೂರಿನ ಬೀದಿಗೆ ತಿರುಗಿದಳು.

ಸಿಂಧುವೂ ನೆಲ ನೋಡಲಿಲ್ಲ. ಕ್ಲಾಸಿಗೆ ಹೋದಳು.